ಮರಳಲ್ಲಿ ಹೂತ ನೇಗಿಲು

ಮನೆ ಕೊಂಡಿದ್ದು ನವೆಂಬರಿನಲ್ಲಿ. ಆಸ್ಟ್ರೇಲಿಯಾದ ಪೂರ್ವ ಕರಾವಳಿ, ಕಾಫ್ಸ್ ಹಾರ್ಬರಿನಿಂದ ತುಸು ಉತ್ತರಕ್ಕೆ. ಕಡಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಂದು ಬೀದಿ, ಒಂದು ಮರಳ ದಿಬ್ಬ, ಅಷ್ಟೇ. ಹಿತ್ತಿಲ ಬೇಲಿಯ ಬುಡದಲ್ಲಿ ಎಳೆ ಶುಂಠಿಯ ಮೊಳಕೆಯಂಥದ್ದೇನೋ ಎದ್ದು ನಿಂತಿತ್ತು. ಶುಂಠಿಯೇ ಇರಬಹುದು ಅಂತ ಬಿಟ್ಟೆ. ಸಂಕ್ರಾಂತಿಯ ಹೊತ್ತಿಗೆ ಅದು ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಬೇಲಿಯ ತಂತಿ ಹಿಡಿದು ಮೇಲೆ ಹತ್ತಿ, ಹೂ ಬಿಟ್ಟಿತು. ಬುಡ ಹಳದಿ, ತುದಿ ಕೆಂಪು, ಅಂಚಿಗೆಲ್ಲ ನಿರಿಗೆ. ಆರು ಎಸಳೂ ಹಿಂದಕ್ಕೆ ಮಡಚಿ ಮೇಲಕ್ಕೆ ಎದ್ದ ಉರಿ. ಪಾಯಸಕ್ಕಿಟ್ಟ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದದ್ದು ಆಮೇಲೆ ಗೊತ್ತಾಯಿತು. ಗೌರಿ ಹೂ!

ನಾಲ್ಕು ಹೂ ಕೊಯ್ದು ದೇವರ ಮುಂದಿಟ್ಟೆ. ಐದನೆಯದು ಕೈಯಲ್ಲಿರುವಾಗಲೇ ಬೇಲಿಯಾಚೆಯಿಂದ ಕೂಗು ಕೇಳಿಸಿತು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರಿದ್ದಾರೆ. ಹೆಸರು ಹಿಡಿದು ಕರೆ ಅನ್ನುತ್ತಾರೆ, ಇಲ್ಲಿಯ ರೂಢಿ ಅದು. ನನಗೆ ನಾಲಿಗೆ ಏಳುವುದಿಲ್ಲ. ಮನಸ್ಸಿನಲ್ಲಿ ಅಜ್ಜಿ ಅಂದುಕೊಂಡು, ಬಾಯಲ್ಲಿ ಏನೂ ಅನ್ನದೆ ಸುಧಾರಿಸುತ್ತೇನೆ. ‘ಬೀಜ ಕಟ್ಟುವ ಮೊದಲು ಅದನ್ನು ಬುಡ ಸಮೇತ ಅಗೆದು ತೆಗಿ. ಹಕ್ಕಿಗಳು ನಿನ್ನ ಬೇಲಿಯಿಂದಲೇ ದಿಬ್ಬಕ್ಕೆ ಒಯ್ಯುತ್ತವೆ’ ಅಂದರು. ಇದು ನಮ್ಮ ಕಡೆ ದೇವರ ಹೂ ಅಂದೆ. ಅವರು ಒಂದು ಕ್ಷಣ ಯೋಚಿಸಿ, ‘ಹಾಗಿದ್ದರೆ ಹೂ ದೇವರಿಗೆ ಕೊಡು, ಗಡ್ಡೆ ನನಗೆ ಕೊಡು’ ಅಂದರು.

ಸಾಗರ ಸೀಮೆಯ ನಮ್ಮೂರಲ್ಲಿ ಈ ಹೂವಿಗೆ ಬೇರೆ ಹೆಸರು ಬೇಕೆನಿಸಿದ್ದೇ ಇಲ್ಲ. ಭಾದ್ರಪದ ಶುದ್ಧ ತದಿಗೆಯ ಗೌರಿಗೆ ಬೇಕಾದ ಹೊತ್ತಿಗೆ ಸರಿಯಾಗಿ ಅರಳುತ್ತದೆ, ಆದ್ದರಿಂದ ಗೌರಿ ಹೂ. ಹಬ್ಬದ ಹಿಂದಿನ ಮಧ್ಯಾಹ್ನ ಮಳೆ ಒಂದಿಷ್ಟು ಬಿಡುವು ಕೊಟ್ಟರೆ ಮಕ್ಕಳೆಲ್ಲ ಬ್ಯಾಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಹೋಗುತ್ತಿದ್ದೆವು. ಅಗಳದ ಏರಿ, ಸೊಪ್ಪಿನ ಬೆಟ್ಟದ ಅಂಚು, ಲಂಟಾನದ ಮಟ್ಟಿ, ಇಂಥ ಕಡೆ ಅಲ್ಲೊಂದು ಇಲ್ಲೊಂದು ಬಳ್ಳಿ. ಗೌರಿಗೆ ಇಷ್ಟು, ಮರುದಿನ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಇಷ್ಟು ಅಂತ ಲೆಕ್ಕ ಹಾಕಿ ಕೊಯ್ಯುವಷ್ಟೇ ಸಿಗುತ್ತಿತ್ತು. ಕೆಲವು ವರ್ಷ ಅದೂ ಇಲ್ಲ. ಕಪ್ಪು ಮೈಮೇಲೆ ಕೆಂಪು, ಬಿಳಿ ಬೊಟ್ಟಿಟ್ಟ ಕಂಬಳಿಹುಳವೊಂದು ಎಲೆ, ಮೊಗ್ಗು ಎಲ್ಲ ತಿಂದು ಬರೀ ದಂಟು ಬಿಟ್ಟಿರುತ್ತಿತ್ತು. ಅದರ ಶಾಸ್ತ್ರೀಯ ಹೆಸರು ಪಾಲಿಟೆಲಾ ಗ್ಲೋರಿಯೋಸೆ ಅಂತ ಬಹಳ ವರ್ಷಗಳ ಮೇಲೆ ತಿಳಿಯಿತು. ಹುಳಕ್ಕೂ ಈ ಹೂವಿನದೇ ಹೆಸರು.

ಹೊರಡುವಾಗ ನಮ್ಮಜ್ಜಿ ಪ್ರತಿ ಸಲವೂ ಹೇಳುವ ಮಾತೊಂದಿತ್ತು: ‘ಹೂ ಕೊಯ್ಯಿ, ಬುಡಕ್ಕೆ ಕೈ ಹಾಕಡ ಕೂಸೆ. ಬಂದವ್ವು ಕೈ ತೊಳ್ಕಳವು.’ ಯಾಕೆ ಅಂತ ಕೇಳಿದರೆ ಗಡ್ಡೆ ವಿಷ ಅನ್ನುವಷ್ಟಕ್ಕೆ ನಿಲ್ಲಿಸುತ್ತಿದ್ದರು. ಹೆಂಗಸರೇ ಕೂತು ಮಾತಾಡುವಾಗ ಈ ಗಡ್ಡೆಯ ಸುದ್ದಿ ಬಂದರೆ ದನಿ ತಗ್ಗುತ್ತಿತ್ತು, ನಮ್ಮನ್ನು ಅಂಗಳಕ್ಕೆ ಅಟ್ಟುತ್ತಿದ್ದರು.

ದನಿ ತಗ್ಗಲು ಕಾರಣ ಸಂಸ್ಕೃತದ ವೈದ್ಯ ಗ್ರಂಥಗಳು ಕೊಟ್ಟ ಹೆಸರುಗಳಲ್ಲೇ ಇದೆ. ಅಗ್ನಿಶಿಖೆ ಅನ್ನುವುದು ಹೂವನ್ನು ನೋಡಿ ಇಟ್ಟ ಹೆಸರು. ಗರ್ಭಘಾತಿನಿ ಅನ್ನುವುದು ಗಡ್ಡೆಯ ಕೆಲಸ ನೋಡಿ. ಲಾಂಗಲಿ ಅನ್ನುವುದು ಗಡ್ಡೆಯ ಆಕಾರ ನೋಡಿ: ಲಾಂಗಲ ಅಂದರೆ ನೇಗಿಲು. ಕನ್ನಡದಲ್ಲಿ ಸೀಮೆಗೊಂದು ಹೆಸರು, ಶಿವಶಕ್ತಿ ಬಳ್ಳಿ, ಅಕ್ಕತಂಗಿ ಬಳ್ಳಿ, ಕೋಳಿಕುಟುಮನ ಗಡ್ಡೆ, ಕರಡಿಕಣ್ಣಿನ ಗಡ್ಡೆ. ಮರಾಠಿಯಲ್ಲಿ ಕಳಲಾವಿ, ಜಗಳ ಹಚ್ಚುವವಳು. ಮನೆಯೊಳಗೆ ತಂದರೆ ಮನೆಯವರಿಗೇ ಜಗಳ ಹತ್ತುತ್ತದೆ ಅಂತ ಆ ಕಡೆಯವರ ನಂಬಿಕೆ. ಆಯುರ್ವೇದ ಇದನ್ನು ಉಪವಿಷಗಳ ಪಟ್ಟಿಗೆ ಸೇರಿಸಿದೆ, ಗೋಮೂತ್ರದಲ್ಲಿ ನೆನೆಹಾಕಿ ಶೋಧಿಸದೆ ಮುಟ್ಟಬಾರದು ಅಂದಿದೆ. ಹೆರಿಗೆ ತಡವಾದರೆ ಗಡ್ಡೆ ಅರೆದು ಅಂಗಾಲಿಗೆ, ಹೊಕ್ಕುಳ ಸುತ್ತ ಲೇಪಿಸುವ ಪದ್ಧತಿಯೂ ಇತ್ತು.

ವಿಷ ಯಾವುದು ಅಂತ ತಿಳಿದದ್ದು ಬೇರೊಂದು ಗಿಡದ ದಾರಿಯಿಂದ. ಯೂರೋಪಿನ ಹುಲ್ಲುಗಾವಲಲ್ಲಿ ಬೆಳೆಯುವ ಕೋಲ್ಚಿಕಮ್ ಎಂಬ ಗಡ್ಡೆ ಗಿಡದಿಂದ 1820ರಲ್ಲಿ ಪೆಲೆಟಿಯೆ ಮತ್ತು ಕವೆಂಟೂ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಒಂದು ಸಾರ ತೆಗೆದರು. ಇದೇ ಜೋಡಿ ಅದೇ ವರ್ಷ ಕ್ವಿನೈನನ್ನೂ ಬೇರ್ಪಡಿಸಿತು. ಆ ಸಾರವೇ ಕೋಲ್ಚಿಸಿನ್, ನಮ್ಮ ಗೌರಿ ಹೂವಿನ ಗಡ್ಡೆಯಲ್ಲೂ ಬೀಜದಲ್ಲೂ ಇರುವುದು ಅದೇ. ಜೀವಕೋಶ ಎರಡಾಗಿ ಒಡೆಯುವುದನ್ನೇ ಅದು ತಡೆದುಬಿಡುತ್ತದೆ. ಹಾಗಾಗಿ ದೇಹದಲ್ಲಿ ಎಲ್ಲೆಲ್ಲಿ ಕೋಶಗಳು ಬೇಗ ಬೇಗ ಹುಟ್ಟಬೇಕೋ ಅಲ್ಲಿಗೇ ಮೊದಲ ಪೆಟ್ಟು. ಕಾಲರಾದಂಥ ವಾಂತಿ ಭೇದಿ, ಆಮೇಲೆ ಮೂಳೆಯ ಮಜ್ಜೆ ಸೋಲುವುದು, ಅದನ್ನೆಲ್ಲ ದಾಟಿ ಬದುಕಿದವರಿಗೆ ಒಂದೆರಡು ವಾರದ ಮೇಲೆ ಮೈಮೇಲಿನ ಕೂದಲೆಲ್ಲ ಉದುರುವುದು. ಸಿಲೋನಿನ ಅಂಥ ಒಬ್ಬ ರೋಗಿಯ ವಿವರ 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಅಚ್ಚಾಯಿತು. ತಿಂದವರಲ್ಲಿ ಸಾಯಲೆಂದೇ ತಿಂದವರೂ ಇದ್ದರು, ಗೆಣಸೆಂದು ಬೇಯಿಸಿ ತಿಂದವರೂ ಇದ್ದರು. ಅದೇ ಕೋಲ್ಚಿಸಿನ್ ಲೆಕ್ಕ ಹಾಕಿ ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಮದ್ದು. ತಮಿಳುನಾಡಿನ ಧಾರಾಪುರಂ, ಮೂಲನೂರು ಕಡೆ ರೈತರು ಹೊಲದಲ್ಲಿ ಚಪ್ಪರ ಹಾಕಿ ಇದನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಬೆಳಗಿನ ಹೊತ್ತು ಕೂಲಿ ಹೆಂಗಸರು ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸುತ್ತಾರೆ, ಯಾಕೆಂದರೆ ಈ ಹೂವಿನ ಶಲಾಕೆ ಬುಡದಲ್ಲೇ ಮೂಲೆಮಟ್ಟದ ಹಾಗೆ ಅಡ್ಡಕ್ಕೆ ತಿರುಗಿ ಕೇಸರಗಳಿಂದ ದೂರ ನಿಂತುಬಿಡುತ್ತದೆ. ಅಲ್ಲಿ ಇದರ ಹೆಸರು ಕಾಂದಳ್, ಅದು ಆ ರಾಜ್ಯದ ಹೂ.

ಅಲ್ಲಿಂದ ಇಲ್ಲಿಗೆ, ನಮ್ಮ ಬೇಲಿಗೆ, ಬಂದದ್ದು ಹೇಗೆ?

ಕೊಚ್ಚಿಯ ಡಚ್ ಗವರ್ನರ್ ವಾನ್ ರೀಡೆ ಮಲಬಾರಿನ ಗಿಡಗಳ ಬಗ್ಗೆ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಹೊರಬಂತು. ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಗಿಡ ಗುರುತಿಸಿ ಗುಣ ಹೇಳಿದವರು. ಏಳನೆಯ ಸಂಪುಟದಲ್ಲಿ ಈ ಬಳ್ಳಿ ಇದೆ, ‘ಮೆಂದೋನಿ’ ಅಂತ, ಮಲಯಾಳದ ಮೇಂದೋನ್ನಿ. ಆ ಕಾಲದ ಯೂರೋಪಿನ ಪಂಡಿತರು ಇದನ್ನು ಮೆಥೋನಿಕಾ ಅನ್ನುತ್ತಿದ್ದರು. ಅದರಲ್ಲೂ ಮೇಂದೋನ್ನಿಯ ದನಿ ಕೇಳಿಸಿದಂತೆ ನನಗನಿಸುತ್ತದೆ. 1753ರಲ್ಲಿ ಲಿನೇಯಸ್ ಆ ಹೆಸರು ಕಿತ್ತುಹಾಕಿ ಗ್ಲೋರಿಯೋಸಾ ಸುಪರ್ಬಾ ಅಂತ ಬರೆದ. ಲ್ಯಾಟಿನಿನಲ್ಲಿ ಹೊಗಳಿಕೆಯ ಮೇಲೆ ಹೊಗಳಿಕೆ. ಗಡ್ಡೆಯ ಸುದ್ದಿಯೇ ಇಲ್ಲ. ನಮ್ಮ ಹಳಬರು ನೇಗಿಲು, ಗರ್ಭ, ಜಗಳ ಅಂತ ಹೆಸರಲ್ಲೇ ಕಟ್ಟಿಟ್ಟ ಎಚ್ಚರಿಕೆಯೆಲ್ಲ ಆ ಎರಡು ಪದಗಳಲ್ಲಿ ಜಾರಿಹೋಯಿತು. ನನಗೆ ಲಿನೇಯಸನ ಮೇಲಿರುವ ಸಣ್ಣ ಸಿಟ್ಟು ಇದು.

ಆಮೇಲಿನದು ಹೂದೋಟದ ವ್ಯಾಪಾರ. ಚಳಿದೇಶದ ಶ್ರೀಮಂತರು ಗಾಜಿನ ಮನೆಯಲ್ಲಿ ಬೆಳೆದರು. ಹಿಮ ಬೀಳದ ವಸಾಹತುಗಳಲ್ಲಿ ಜನ ಬೇಲಿಗೇ ಹಬ್ಬಿಸಿದರು. ಈ ಬಳ್ಳಿಯ ತವರು ನಮ್ಮದೊಂದೇ ಅಂದುಕೊಂಡಿದ್ದೆ ನಾನು. ಅಲ್ಲ, ಆಫ್ರಿಕಾದ ಅರ್ಧದಷ್ಟು ನೆಲಕ್ಕೂ ಇದು ಸ್ವಂತದ್ದು. ಜಿಂಬಾಬ್ವೆಯ ರಾಷ್ಟ್ರಪುಷ್ಪ ಇದೇ. ಅದು ದಕ್ಷಿಣ ರೊಡೇಷಿಯಾ ಆಗಿದ್ದಾಗ, 1947ರಲ್ಲಿ, ಅಲ್ಲಿಗೆ ಬಂದ ರಾಜಕುಮಾರಿ ಎಲಿಜಬೆತ್‌ಗೆ ಶಾಲೆಮಕ್ಕಳ ಹೆಸರಿನಲ್ಲಿ ಕೊಟ್ಟ ವಜ್ರದ ಬ್ರೋಚ್ ಈ ಹೂವಿನ ಆಕಾರದ್ದು. ಆಫ್ರಿಕಾದ ದೊಡ್ಡ ಹೂವಿನ ಬಗೆಯೊಂದಕ್ಕೆ 1903ರಲ್ಲಿ ರಾತ್ಸ್‌ಚೈಲ್ಡಿಯಾನಾ ಅಂತ ಹೆಸರಾಯಿತು, ಲಂಡನ್ನಿನ ಸಾಹುಕಾರ ಮನೆತನದ ಹೆಸರು. ನರ್ಸರಿಗಳಲ್ಲಿ ಹೆಚ್ಚು ಮಾರಾಟವಾದದ್ದು ಅದು. ಈಗ ಸಸ್ಯಶಾಸ್ತ್ರಜ್ಞರು ಎಲ್ಲವನ್ನೂ ಸುಪರ್ಬಾದೊಳಗೇ ಸೇರಿಸಿದ್ದಾರೆ. ಅಂದರೆ ನಾನು ಕಣ್ಣಲ್ಲಿ ನೀರು ತಂದುಕೊಂಡು ದೇವರಿಗೆ ಏರಿಸಿದ ಹೂ ಸಾಗರದ ಬ್ಯಾಣದ ಸಂಬಂಧಿಯೋ, ಆಫ್ರಿಕಾದ್ದೋ ಬಲ್ಲವರಿಲ್ಲ. ಗೌರಿ ಬೇಡವೆನ್ನಲಿಲ್ಲ.

ಹಿತ್ತಿಲಿಂದ ಹೊರಗೆ ಹೊರಟ ಬಳ್ಳಿಗೆ ಇಲ್ಲಿಯ ಮರಳ ದಿಬ್ಬ ಒಗ್ಗಿತು. ಈ ದಿಬ್ಬಗಳದ್ದೇ ಒಂದು ಕಥೆ. ಕಳೆದ ಶತಮಾನದಲ್ಲಿ ಖನಿಜಕ್ಕಾಗಿ ಈ ಕರಾವಳಿಯ ಮರಳನ್ನು ಬಗೆದರು. ಬಗೆದ ಮರಳು ಗಾಳಿಗೆ ಹಾರತೊಡಗಿದಾಗ ಅದನ್ನು ಹಿಡಿದಿಡಲು ದಕ್ಷಿಣ ಆಫ್ರಿಕಾದ ಬಿಟೂ ಬುಷ್ ಎಂಬ ಪೊದೆಯನ್ನು 1946ರಿಂದ 1968ರವರೆಗೆ ಸರ್ಕಾರದ ಮಣ್ಣು ಸಂರಕ್ಷಣೆಯವರೇ ನೆಡಿಸಿದರು. ಪೊದೆ ಮರಳನ್ನು ಹಿಡಿಯಿತು, ಜೊತೆಗೆ ದಿಬ್ಬವನ್ನೂ ಹಿಡಿಯಿತು. ಇಲ್ಲಿಯ ಬ್ಯಾಂಕ್ಸಿಯಾ ಮರದ ಸಸಿಗಳಿಗೆ ಬಿಸಿಲು ಸಿಗದಾಯಿತು. ಆಮೇಲೆ ಅದೇ ಪೊದೆಯನ್ನು ತೆಗೆಯುವ ಕೆಲಸ ಶುರುವಾಯಿತು, ಇನ್ನೂ ಮುಗಿದಿಲ್ಲ. ಪೊದೆ ತೆಗೆದು ಬಯಲಾದ ಜಾಗಕ್ಕೆ ನುಗ್ಗಿದವುಗಳಲ್ಲಿ ನಮ್ಮ ಗೌರಿ ಹೂವೂ ಒಂದು. ನಾನೂರು ಹೆಜ್ಜೆಯ ದಿಬ್ಬದಲ್ಲಿ ಜನವರಿಯಲ್ಲಿ ನಾನು ಕಂಡಷ್ಟು ಗೌರಿ ಹೂ, ಹುಟ್ಟಿದಾಗಿನಿಂದ ಊರಲ್ಲಿ ಕಂಡಿದ್ದನ್ನೆಲ್ಲ ಕೂಡಿಸಿದರೂ ಆಗಲಿಕ್ಕಿಲ್ಲ. ಹಾಸಿದ ಜಮಖಾನ. ನೋಡಿ ಖುಷಿಪಡಲೋ ಹೆದರಲೋ ತಿಳಿಯದೆ ನಿಂತೆ.

ಆ ದಿಬ್ಬದಲ್ಲಿ ನನಗೆ ಪರಿಚಯದ ಮುಖಗಳೂ ಸಿಕ್ಕವು. ಹೊನ್ನಾವರದ ಕಡಲಂಚಿನ ಅಡುಂಬು ಬಳ್ಳಿಯ ಹತ್ತಿರದ ನೆಂಟ ಇಲ್ಲಿ ಸ್ವಂತ ಮನೆಯವನ ಹಾಗೆ ಹಬ್ಬಿದ್ದಾನೆ. ನಮ್ಮ ರಾವಣನ ಮೀಸೆಯ ದಾಯಾದಿ ಹುಲ್ಲು ಮರಳ ತುದಿಯಲ್ಲಿ ನಿಂತಿದೆ. ಇವೆರಡನ್ನೂ ಇಲ್ಲಿ ಯಾರೂ ಕೀಳುವುದಿಲ್ಲ, ಇವು ಮೊದಲಿಂದಲೂ ಇಲ್ಲಿಯವೇ. ಕೀಳಬೇಕಾದದ್ದು ಲಂಟಾನ ಮತ್ತು ಗೌರಿ ಹೂ. ಒಂದು ಎರಡೂ ದೇಶಕ್ಕೆ ಪೀಡೆ, ಇನ್ನೊಂದು ಒಂದೇ ದೇಶಕ್ಕೆ.

ಈ ವ್ಯತ್ಯಾಸ ಯಾಕೆ ಅಂತ ಬಹಳ ತಲೆ ಕೆರೆದುಕೊಂಡಿದ್ದೇನೆ. ಊರಲ್ಲಿ ಆ ಬೊಟ್ಟಿನ ಹುಳವಿತ್ತು. ಈ ದಿಬ್ಬದಲ್ಲಿ ನಾನು ಒಂದು ದಿನವೂ ಅದನ್ನು ಕಂಡಿಲ್ಲ. ಊರಲ್ಲಿ ಮಕ್ಕಳು ಹೂ ಕೊಯ್ಯುತ್ತಿದ್ದರು, ಕೊಯ್ದ ಹೂ ಕಾಯಾಗುತ್ತಿರಲಿಲ್ಲ. ಬೇರು ಗಡ್ಡೆ ಮಾರುವವರು ಬಂದು ಗಡ್ಡೆಯನ್ನೇ ಅಗೆದು ಒಯ್ಯುತ್ತಿದ್ದರು. ಅಂತೂ ಅದಕ್ಕೆ ತುಂಬ ಜನರ ಕೈ ತಾಗುತ್ತಿತ್ತು. ಇಲ್ಲಿ ಅದನ್ನು ಕೇಳುವವರಿಲ್ಲ. ಹುಳಕ್ಕೆ ಬೇಡ, ದೇವರಿಗೆ ಬೇಡ, ವೈದ್ಯರಿಗೆ ಬೇಡ. ಕೆಂಪು ತಿರುಳು ಹೊದ್ದ ಬೀಜ ಮಾತ್ರ ಹಕ್ಕಿಗಳಿಗೆ ಬೇಕು.

ಕೀಳುವ ಕೆಲಸಕ್ಕೂ ಇಲ್ಲೊಂದು ಪರಂಪರೆ ಇದೆ, ಅದನ್ನು ಕಟ್ಟಿದವರು ಇಬ್ಬರು ಅಕ್ಕತಂಗಿಯರು. ಸಿಡ್ನಿಯ ಮಾಸ್ಮನ್ನಿನ ಐಲೀನ್ ಮತ್ತು ಜೋನ್ ಬ್ರಾಡ್ಲಿ. 1960ರ ದಶಕದಲ್ಲಿ ಮನೆ ಹತ್ತಿರದ ಆಷ್ಟನ್ ಪಾರ್ಕಿನ ಕುರುಚಲಲ್ಲಿ ನಡೆಯಲು ಹೋದಾಗಲೆಲ್ಲ ಕೂತು ಒಂದಿಷ್ಟು ಕಳೆ ಕೈಯಲ್ಲೇ ಕೀಳುವ ಅಭ್ಯಾಸ ಮಾಡಿಕೊಂಡರು. ಅದರಿಂದ ಅವರು ಕಂಡುಕೊಂಡದ್ದು ಸರ್ಕಾರಿ ಕೆಲಸದ ರೀತಿಗೆ ತೀರ ಉಲ್ಟಾ. ಕಳೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಶುರು ಮಾಡಬೇಡ, ಎಲ್ಲಿ ಕಾಡು ಚೆನ್ನಾಗಿದೆಯೋ ಅಲ್ಲಿಂದ ಶುರು ಮಾಡು. ನೆಲ ಕೆದಕುವುದು ಕಡಿಮೆಯಿರಲಿ, ಕಿತ್ತ ಜಾಗವನ್ನು ಎಲೆ ಕಸದಿಂದ ಮುಚ್ಚು. ಸ್ವಂತ ಗಿಡ ಬಂದು ಜಾಗ ತುಂಬುವಷ್ಟು ನಿಧಾನಕ್ಕೆ ಮುಂದೆ ಹೋಗು. ಜೋನ್ ತೀರಿಕೊಂಡ ಮೇಲೆ, 1988ರಲ್ಲಿ, ಅವರ ಪುಸ್ತಕ ‘ಬ್ರಿಂಗಿಂಗ್ ಬ್ಯಾಕ್ ದ ಬುಷ್’ ಅಚ್ಚಾಯಿತು. ಪಕ್ಕದ ಮನೆಯ ಅಜ್ಜಿಯ ಹತ್ತಿರ ಒಂದು ಪ್ರತಿ ಇದೆ, ಪುಟಗಳ ನಡುವೆ ಮರಳು.

ನನ್ನ ಹಿತ್ತಿಲಲ್ಲಿ ಮೊದಲ ವರ್ಷ ನಾನು ಅಕ್ಕತಂಗಿಯರ ಮಾತು ಕೇಳಲಿಲ್ಲ. ದಟ್ಟವಾಗಿದ್ದಲ್ಲೇ ಹೋಗಿ ಬಳ್ಳಿ ಹಿಡಿದು ಜಗ್ಗಿದೆ. ದಂಟು ಲಟಕ್ಕೆಂದು ಕೈಗೆ ಬಂತು. ಎಷ್ಟು ಸಲೀಸು ಅಂದುಕೊಂಡೆ. ಎಲ್ಲ ಜಗ್ಗಿ ರಾಶಿ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಗೆದ್ದೆ ಅಂತ ಫೋಟೋ ತೆಗೆದೆ. ಬೇಲಿಯಾಚೆಯವರು ನಗಲೂ ಇಲ್ಲ. ‘ಗಡ್ಡೆ ಎಲ್ಲಿ?’ ಅಂದರು ಅಷ್ಟೇ.

ಗಡ್ಡೆ ಒಂದು ಗೇಣು ಕೆಳಗಿತ್ತು, ಕೆಲವು ಮೊಳದ ಹತ್ತಿರ. ಜಗ್ಗಿದರೆ ದಂಟು ಗಡ್ಡೆಯ ಕುತ್ತಿಗೆಯಲ್ಲೇ ಕಳಚಿಕೊಳ್ಳುತ್ತದೆ, ಹಲ್ಲಿ ಬಾಲ ಬಿಟ್ಟ ಹಾಗೆ. ಆದ್ದರಿಂದ ದಂಟನ್ನು ಜಗ್ಗಬಾರದು. ಅದನ್ನೇ ದಾರದಂತೆ ಹಿಡಿದುಕೊಂಡು ಸುತ್ತಲಿನ ಮರಳನ್ನು ಬೆರಳಲ್ಲಿ ಸರಿಸುತ್ತ ಇಳಿಯಬೇಕು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಾಗಿದ್ದರೆ ಹಾರೆ ಬೇಕಾಗುತ್ತಿತ್ತು, ಇಲ್ಲಿ ನಾಲ್ಕು ಹಲ್ಲಿನ ತೋಟದ ಫೋರ್ಕು, ಕೈಗವಸು, ಒಂದು ಬಕೆಟ್ಟು ಸಾಕು. ಇಳಿಯುತ್ತ ಹೋದಂತೆ ಮರಳು ತಣ್ಣಗಾಗುತ್ತದೆ, ಆಮೇಲೆ ಬೆರಳಿಗೆ ನುಣುಪಾದದ್ದೇನೋ ತಾಗುತ್ತದೆ. ತೆಗೆದು ನೋಡಿದರೆ ಹೆಬ್ಬೆರಳಿನಷ್ಟು ದಪ್ಪದ ಎರಡು ಕಾಲು, ಮೂಲೆಯಲ್ಲಿ ಕೂಡಿಕೊಂಡು ಇಂಗ್ಲಿಷಿನ ವಿ ಅಕ್ಷರದ ಹಾಗೆ. ಮೇಲೆ ಕಂದು ಬಣ್ಣದ ತೆಳು ಸಿಪ್ಪೆ. ಒಳಗೆ ಹಸಿ ಆಲೂಗಡ್ಡೆಯ ಬಿಳಿ. ಕೈಯಲ್ಲಿಟ್ಟು ತಿರುಗಿಸಿದೆ. ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ, ನಡುವೆ ಕೋನ. ನಮ್ಮ ಅಟ್ಟದ ಮೇಲೆ ಧೂಳು ಹಿಡಿದು ಮಲಗಿರುವ ಮರದ ನೇಗಿಲು ಇದೇ. ಲಾಂಗಲಿ ಅಂತ ಹೆಸರಿಟ್ಟವರು ಯಾರೋ, ಅವರೂ ಒಂದು ದಿನ ಹೀಗೇ ಮಣ್ಣಲ್ಲಿ ಮಂಡಿಯೂರಿ ಕೂತು ಇದನ್ನು ತಿರುಗಿಸಿ ನೋಡಿರಬೇಕು.

ಮುಂದಿನ ವರ್ಷದ ಮೊಳಕೆ ಈ ಕಾಲುಗಳ ತುದಿಯಲ್ಲಿರುತ್ತದೆ. ಅವಸರದಲ್ಲಿ ತುದಿ ಮುರಿದು ಮರಳಲ್ಲಿ ಉಳಿದರೆ ಅದೇ ಮತ್ತೆ ಬಳ್ಳಿ. ನಾನು ಮೊದಲ ತಿಂಗಳು ಎಷ್ಟು ತುದಿ ಮುರಿದಿದ್ದೇನೋ, ಮರುವರ್ಷ ಅಷ್ಟೂ ಎದ್ದು ಬಂದವು. ತೆಗೆದ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲೂ ಚಿಗುರುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ವಾರಗಟ್ಟಲೆ ಬಿಸಿಲಲ್ಲಿಟ್ಟು ಕೊಳೆಸಿ ಕಸಕ್ಕೆ ಕೊಡಬೇಕು. ಕಾಯಿಯನ್ನು ಒಡೆಯುವ ಮೊದಲು ಬೇರೆ ಚೀಲಕ್ಕೆ. ಔಷಧಿ ಹೊಡೆಯುವವರೂ ಇದ್ದಾರೆ. ದೊಡ್ಡ ದಿಬ್ಬಗಳಿಗೆ ಅದು ಬಿಟ್ಟರೆ ಗತಿಯಿಲ್ಲ ಅಂತ ನಾನೂ ಒಪ್ಪುತ್ತೇನೆ. ಹಿತ್ತಿಲಿಗೆ ಕೈಯೇ ಸರಿ.

ದಿಬ್ಬದ ಕೆಲಸಕ್ಕೆ ಹೋಗುವ ಶನಿವಾರದ ಗುಂಪಿಗೆ ನನ್ನನ್ನು ಸೇರಿಸಿದವರೂ ಪಕ್ಕದ ಮನೆಯವರೇ. ಅಲ್ಲಿ ಎಲ್ಲೆಂದರಲ್ಲಿ ಅಗೆಯುವಂತಿಲ್ಲ. ಇದು ಗುಂಬೈಂಗಿರ್ ಜನರ ನೆಲ. ಅವರ ಹಿರಿಯರು ತಲೆತಲಾಂತರ ಕಡಲಿನ ಪಿಪಿ ಚಿಪ್ಪುಗಳನ್ನು ಸುಟ್ಟು ತಿಂದು ಬಿಟ್ಟ ರಾಶಿಗಳು ಮರಳೊಳಗಿವೆ, ಅವನ್ನು ಕೆದಕುವುದು ಕಾನೂನಿಗೆ ವಿರುದ್ಧ. ಫೋರ್ಕಿನ ಹಲ್ಲಿಗೆ ಚಿಪ್ಪಿನ ಪದರ ತಾಗಿದರೆ ಅಲ್ಲಿಗೇ ನಿಲ್ಲಿಸಬೇಕು, ಗಡ್ಡೆ ಅಲ್ಲೇ ಇದೆ ಅಂತ ಗೊತ್ತಿದ್ದರೂ ಮುಚ್ಚಿ ಬರಬೇಕು. ಅಂಥ ಮೂರು ಜಾಗ ನನಗೆ ಗೊತ್ತು. ಅಲ್ಲಿ ಹೂ ಮಾತ್ರ ಕೊಯ್ಯುತ್ತೇವೆ, ಬುಡಕ್ಕೆ ಕೈ ಹಾಕುವುದಿಲ್ಲ. ನಮ್ಮಜ್ಜಿಯ ಮಾತು ಹೀಗೆ ನಡೆಯುತ್ತಿದೆ.

ಕಾಲವೂ ಇಲ್ಲಿ ಬುಡಮೇಲು. ಊರಲ್ಲಿ ಗೌರಿ ಹಬ್ಬವಾಗುವ ಹೊತ್ತಿಗೆ ಇಲ್ಲಿ ಚಳಿ ಮುಗಿದಿರುತ್ತದೆ ಅಷ್ಟೇ. ಬಳ್ಳಿ ಮೇ ತಿಂಗಳಲ್ಲೇ ಒಣಗಿ ಹೋಗಿರುತ್ತದೆ, ಗಡ್ಡೆ ಮರಳಡಿ ಮಲಗಿರುತ್ತದೆ, ಎಲ್ಲಿದೆ ಅಂತ ಹೇಳಲು ಒಂದು ಎಳೆ ಹುಲ್ಲೂ ಇರುವುದಿಲ್ಲ. ಆವತ್ತು ಗೌರಿಗೆ ದಾಸವಾಳ. ಬೆಳಿಗ್ಗೆ ಪೂಜೆ ಮಾಡಿ ಬಾಗಿನದ ಮೊರ ಎತ್ತಿಟ್ಟು, ಹಿತ್ತಿಲಿಗೆ ಹೋಗಿ ನಿಂತರೆ ಕಾಲಡಿಗೆ ಎಷ್ಟು ನೇಗಿಲು ಮಲಗಿವೆಯೋ ಅಂತ ಅನಿಸುತ್ತದೆ.

ಇದು ನಾಲ್ಕನೆಯ ಬೇಸಿಗೆ. ಹಿತ್ತಿಲಲ್ಲಿ ಈ ಸಲ ಎದ್ದದ್ದು ಹನ್ನೊಂದು ಬಳ್ಳಿ, ಅದರಲ್ಲಿ ಎರಡು ಬೇಲಿಯಾಚೆಯಿಂದ ತೂರಿದವು. ಅದನ್ನು ಅವರಿಗೆ ಹೇಳಿದಾಗ ಮುಖ ಕೆಂಪಾಯಿತು, ಎಂಬತ್ತು ದಾಟಿದವರು ಮಂಡಿಯೂರಿ ಕೂತು ತಾವೇ ಅಗೆದರು.

ಸಂಕ್ರಾಂತಿ ದಿನ ಅಮ್ಮ ಫೋನ್ ಮಾಡಿದ್ದಳು. ಭಾದ್ರಪದದಲ್ಲಿ ಬ್ಯಾಣವೆಲ್ಲ ಸುತ್ತಿದರೂ ಒಂದು ಗೌರಿ ಹೂ ಸಿಗಲಿಲ್ಲವಂತೆ. ಬ್ಯಾಣಕ್ಕೆ ಅಕೇಶಿಯಾ ಹಾಕಿದ ಮೇಲೆ ಕಡಿಮೆಯಾಗುತ್ತ ಬಂದಿತ್ತು, ಈ ವರ್ಷ ಪೂರ್ತಿ ಇಲ್ಲ. ನಾನು ಹಿಂದಿನ ದಿನ ದಿಬ್ಬದಲ್ಲಿ ತೆಗೆದ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ, ‘ಅಷ್ಟನ್ನೂ ಕಿತ್ತು ಎಸೀತ್ರನೇ? ಒಂದು ಗಡ್ಡೆ ಇತ್ಲಾಗೆ ಕಳ್ಸಲಾಗ್ತಿಲ್ಯನೇ?’ ಅಂದಳು. ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಅಮ್ಮ, ಬೇರೆ ದೇಶದ ಗಡ್ಡೆ ಹಾಗೆಲ್ಲ ಒಳಗೆ ಬಿಡುವುದಿಲ್ಲ ಅಂದೆ. ‘ಬೇರೆ ದೇಶದ್ದು ಹ್ಯಾಂಗೆ ಆಗ್ತು?’ ಅಂದಳು. ಗ್ಯಾರೇಜಿನ ಪಕ್ಕ, ಬಿಸಿಲಲ್ಲಿ, ಬಾಯಿ ಕಟ್ಟಿದ ಎರಡು ಕಪ್ಪು ಚೀಲ ಬೆವತು ಕೂತಿದ್ದವು.